ಮೂಳೆ ಸವೆತಕ್ಕೆ ಡ್ರಿಪ್ ಪಡೆದವರು ಹಲ್ಲು ಕೀಳಿಸಬಹುದೇ?

ಪ್ರಶ್ನೆ:
72 ವರ್ಷದ ನನ್ನ ತಾಯಿಗೆ ಮೂಳೆ ಸವೆತಕ್ಕೆಂದು ಮೂರು ವರ್ಷಗಳಿಂದ ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಜೋಲೆಡ್ರಾನಿಕ್ ಆಮ್ಲವನ್ನು ಡ್ರಿಪ್ ಮೂಲಕ ಕೊಡುತ್ತಿದ್ದಾರೆ. ಈಗ ಕೆಳದವಡೆಯ ಹಲ್ಲೊಂದು ಅಲುಗಾಡಿ ಒಸಡಿನಲ್ಲಿ ಕೀವಾಗಿದ್ದು, ಮೆತ್ತಗಿನ ಅನ್ನವನ್ನೂ ಅವರು ಒಂದೇ ಬದಿಯಲ್ಲಿ ಅಗಿಯುತ್ತಾರೆ. ಹಲ್ಲು ಕೀಳಿಸಿದರೆ ದವಡೆಯ ಮೂಳೆಯೇ ಸಾಯುತ್ತದೆ ಎಂದು ಬಂಧುಗಳೊಬ್ಬರು ಹೇಳಿದಂದಿನಿಂದ ತಾಯಿ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ 1:
ನಾನು ದಂತವೈದ್ಯೆ. ಇಂಥ ತೊಂದರೆ ಇರುವುದು ನಿಜ. 2003ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಅವರು 36 ರೋಗಿಗಳ ವಿವರ ಪ್ರಕಟಿಸಿದಾಗ ಇದು ವೈದ್ಯಲೋಕದ ಗಮನಕ್ಕೆ ಬಂತು. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳನ್ನು ಈ ಔಷಧ ತಡೆಯುತ್ತದೆ. ಸದಾ ಅಗಿಯುವ ಒತ್ತಡಕ್ಕೆ ಸಿಕ್ಕಿ ಬೇಗ ಬೇಗ ಹೊಸದಾಗಬೇಕಾದ ದವಡೆಯಲ್ಲಿ, ತೆಳು ಒಸಡಿನಾಚೆಗೇ ಬಾಯಿಯ ಬ್ಯಾಕ್ಟೀರಿಯಾಗಳೂ ಇರುವುದರಿಂದ, ಗಾಯ ಮಾಯುವುದು ಕಷ್ಟವಾಗುತ್ತದೆ. ಆದರೆ ಇದು ಹೆಚ್ಚಾಗಿ ಕಾಡುವುದು ಕ್ಯಾನ್ಸರ್ ಮೂಳೆಗೆ ಹರಡಿ, ಮೂರು-ನಾಲ್ಕು ವಾರಕ್ಕೊಮ್ಮೆ 4 ಮಿಲಿಗ್ರಾಂ ಪಡೆಯುವವರನ್ನು. ಮೂಳೆ ಸವೆತಕ್ಕೆ ಪಡೆಯುವವರಲ್ಲಿ ಹತ್ತು ಸಾವಿರಕ್ಕೆ ಕೆಲವೇ ಮಂದಿಗೆ ಹೀಗಾಗುತ್ತದೆ. ಕೀವು ತುಂಬಿದ ಹಲ್ಲನ್ನು ಹಾಗೆಯೇ ಬಿಡುವುದೂ ದವಡೆಗೆ ಅಪಾಯವೇ. ಔಷಧದ ಹೆಸರು, ಕೊಟ್ಟ ದಿನಾಂಕ, ಸಕ್ಕರೆ ಕಾಯಿಲೆ ಅಥವಾ ಸ್ಟೀರಾಯ್ಡ್ ಇದ್ದರೆ ಅದನ್ನೂ ಮೊದಲೇ ತಿಳಿಸಿ.

ಉತ್ತರ 2:
ನನ್ನ ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ತಿಂಗಳಿಗೊಮ್ಮೆ ಇದೇ ಔಷಧ ನಡೆಯುತ್ತಿತ್ತು. ಹಲ್ಲು ಕಿತ್ತವರು ಕೇಳಲಿಲ್ಲ, ನಾವು ಹೇಳಲಿಲ್ಲ. ನಾಲಿಗೆಗೆ ಏನೋ ಚುಚ್ಚುತ್ತಿದೆ ಎಂದು ಅವರು ಹೇಳುತ್ತಲೇ ಇದ್ದರು. ಎರಡು ತಿಂಗಳ ಮೇಲೆ ಟಾರ್ಚ್ ಹಿಡಿದು ನೋಡಿದರೆ, ಹಲ್ಲಿದ್ದ ಕುಳಿಯಲ್ಲಿ ಅಕ್ಕಿಕಾಳಿನಷ್ಟು ಹಳದಿ ಮೂಳೆ ಕಾಣುತ್ತಿತ್ತು. ಎಂಟು ವಾರ ಕಳೆದರೂ ಮೂಳೆ ಹೀಗೆ ತೆರೆದೇ ಇದ್ದರೆ ಅದೇ ಈ ಕಾಯಿಲೆಯ ಗುರುತೆಂದು ಆಮೇಲೆ ತಿಳಿಯಿತು. ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿ, ಸತ್ತ ಚೂರನ್ನು ತೆಗೆಸಿದ ಮೇಲೆ ನಿಧಾನವಾಗಿ ಮಾಯಿತು. ನೋವಿಲ್ಲವೆಂದು ನೀವು ಸುಮ್ಮನಿರಬೇಡಿ, ಕುಳಿ ಮುಚ್ಚುವವರೆಗೂ ತೋರಿಸುತ್ತಿರಿ.

ಉತ್ತರ 3:
ಇದನ್ನು ಓದುತ್ತಿರುವವರಲ್ಲಿ ಮೂಳೆ ಸವೆತಕ್ಕೇ ಕೊಡುವ ಇನ್ನೊಂದು ಚುಚ್ಚುಮದ್ದಾದ ಡೆನೊಸುಮ್ಯಾಬ್ ಅನ್ನು ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಪಡೆಯುವವರಿದ್ದರೆ, ಹಲ್ಲಿನ ಭಯದಿಂದ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಜೋಲೆಡ್ರಾನಿಕ್ ಆಮ್ಲ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಡೆನೊಸುಮ್ಯಾಬ್ ಹಾಗಲ್ಲ. ಡೋಸ್ ತಪ್ಪಿದರೆ ಬೆನ್ನುಮೂಳೆ ಮುರಿಯುವ ಅಪಾಯ ಏರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಚೀಟಿಗಳನ್ನು ಹುಡುಕಿದಾಗ, ಡ್ರಿಪ್‌ಗೂ ಮೊದಲು ಎರಡು ವರ್ಷ ತಾಯಿ ಪ್ರತಿ ಭಾನುವಾರ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದ ಮಾತ್ರೆ ಇದೇ ಗುಂಪಿನ ಔಷಧವಾದ 70 ಮಿಲಿಗ್ರಾಂ ಅಲೆಂಡ್ರೋನೇಟ್ ಎಂದು ಗೊತ್ತಾಯಿತು. ಅದನ್ನೂ ಬರೆದುಕೊಂಡಿದ್ದೇನೆ. ಸೋಮವಾರ ಬರಲು ತಾಯಿ ಒಪ್ಪಿದ್ದಾರೆ.