ಟೆಲ್ಫೋರ್ಡ್ ಶೋಗೆ ಮಾಡೆಲ್ ಹೇಗೆ ಒಯ್ಯೋದು?

ಅಂಟುಗೈ: ನವೆಂಬರ್‌ನಲ್ಲಿ ಇಂಗ್ಲೆಂಡಿನ ಟೆಲ್ಫೋರ್ಡ್‌ನಲ್ಲಿ ನಡೆಯುವ ಮಾಡೆಲ್ ಪ್ರದರ್ಶನ ಸ್ಕೇಲ್ ಮಾಡೆಲ್‌ವರ್ಲ್ಡ್‌ಗೆ ಹೋಗ್ತಿದ್ದೇನೆ. ನಮ್ಮ ಕ್ಲಬ್ಬಿನ ಜೊತೆ ನಂಟಿರುವ ಅಲ್ಲಿನ ಕ್ಲಬ್‌ನವರು ತಮ್ಮ ಟೇಬಲ್ ಮೇಲೆ ಜಾಗ ಕೊಡ್ತಾರಂತೆ. 1:72ರ (ಅಸಲಿನ 72ನೇ ಒಂದು ಭಾಗದ ಅಳತೆ) ಮಾರುತ್ ಯುದ್ಧವಿಮಾನದ ಮಾಡೆಲ್ ಒಯ್ಯುವ ಆಸೆ. ಬೆಂಗಳೂರಿನಲ್ಲೇ 1961ರಲ್ಲಿ ಹಾರಿದ ವಿಮಾನ ಅಲ್ವಾ! ಪ್ಯಾಕಿಂಗ್ ಹೇಗೆ?

ಹಳೇಕಿಟ್: ಕೈಚೀಲದಲ್ಲೇ ಇಟ್ಕೊಳ್ಳಿ ಸಾರ್. ನಾನು ಒಮ್ಮೆ ಸುಮ್ನೆ ಬಬಲ್ ಶೀಟ್ ಸುತ್ತಿ ಲಗೇಜಿಗೆ ಹಾಕಿದ್ದೆ, ಇಳಿದು ತೆಗೆದರೆ ಮೂಗಿನ ಪಿಟೋ ಟ್ಯೂಬ್ (ವೇಗ ಅಳೆಯೋ ಸಣ್ಣ ಕೊಳವೆ) ಮುರಿದು ರೆಕ್ಕೆಗೆ ಅಂಟಿಕೊಂಡಿತ್ತು. ಈಗ ಸ್ಪಂಜನ್ನು ವಿಮಾನದ ಆಕಾರಕ್ಕೆ ಕತ್ತರಿಸಿ, ಚಕ್ರಕ್ಕೆ ಏನೂ ತಾಗದ ಹಾಗೆ ಡಬ್ಬಿಯಲ್ಲಿ ಕೂರಿಸುತ್ತೇನೆ. ಥಿನ್ನರ್ (ಬಣ್ಣ ತೆಳು ಮಾಡೋ ದ್ರವ), ಪ್ಲಾಸ್ಟಿಕ್ ಅಂಟು ಬೇಡ. ಬೆಂಕಿ ಹತ್ತುವ ವಸ್ತು, ವಿಮಾನಕ್ಕೆ ಬಿಡೋಲ್ಲ. ಅಲ್ಲೇ ಕೊಳ್ಳಿ.

ರೈಲುಹುಚ್ಚ: ಬರ್ಮಿಂಗ್‌ಹ್ಯಾಮ್‌ನಿಂದ ಟೆಲ್ಫೋರ್ಡ್‌ಗೆ ರೈಲಿದೆ. ಅದೇ ದಾರಿಯಲ್ಲಿ ಕಾಸ್ಫರ್ಡ್, ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂ ಇರೋದು ಅಲ್ಲೇ. ಅಲ್ಲಿರೋ ಬ್ರಿಟನ್ನಿನ ಹಳೇ ಯುದ್ಧವಿಮಾನ ಟಿಎಸ್‌ಆರ್-2 ನೋಡದೆ ಬರಬೇಡಿ. ಆಮೇಲೆ ಸೂಟ್‌ಕೇಸಿನಲ್ಲಿ ಜಾಸ್ತಿ ಜಾಗ ಬಿಡಿ, ಶೋನಲ್ಲಿ ಕಿಟ್ (ಜೋಡಿಸೋ ಮಾಡೆಲ್ ಪೆಟ್ಟಿಗೆ) ಕೊಳ್ಳದೆ ವಾಪಸ್ ಬಂದವರನ್ನು ನಾನಂತೂ ಕಂಡಿಲ್ಲ.