ಪದಚರ್ಚೆ: ತಟಸ್ಥ ದೇಶ ತಡೆದಿಟ್ಟುಕೊಂಡ ಸೈನಿಕನಿಗೆ ಏನೆನ್ನೋಣ?

ಗೆಳೆಯರೇ,

ಎರಡನೇ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಉಳಿಯಬೇಕಾಗಿ ಬಂದ ಪೋಲಿಷ್ ಸೈನಿಕರ ಬಗ್ಗೆ ಬರೆಯುತ್ತಿದ್ದೇನೆ. ಅವರನ್ನು ಕರೆಯಲು ಸರಿಯಾದ ಒಂದು ಕನ್ನಡ ಪದ ಬೇಕಾಗಿದೆ.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋಲುತ್ತಿತ್ತು. ಅಲ್ಲಿ ಫ್ರೆಂಚರ ಜೊತೆ ಹೋರಾಡುತ್ತಿದ್ದ ಪೋಲೆಂಡಿನ ಎರಡನೇ ರೈಫಲ್ ಡಿವಿಷನ್ಅನ್ನು ಜರ್ಮನ್ನರು ಗಡಿಯವರೆಗೂ ಒತ್ತಿಕೊಂಡು ಬಂದರು. ಜನರಲ್ ಪ್ರುಗರ್-ಕೆಟ್ಲಿಂಗ್ ತಮ್ಮ ಹನ್ನೆರಡು ಸಾವಿರಕ್ಕೂ ಹೆಚ್ಚು ಸೈನಿಕರ ಜೊತೆ ಸ್ವಿಟ್ಜರ್ಲೆಂಡಿಗೆ ದಾಟಿದರು. ಆಯುಧಗಳನ್ನು ಸ್ವಿಸ್ ಸೇನೆಗೆ ಒಪ್ಪಿಸಿದರು. ಅವರನ್ನು ಯಾರೂ ಹಿಡಿದು ತಂದಿರಲಿಲ್ಲ, ಸ್ವಿಸ್ ಜನ ಅವರ ಶತ್ರುಗಳೂ ಅಲ್ಲ. ಆದರೆ ಅಲ್ಲಿಂದ ಹೊರಡುವ ಹಾಗೂ ಇಲ್ಲ. ಅವರ ಜೊತೆಗೇ ಗಡಿ ದಾಟಿದ್ದ ಫ್ರೆಂಚ್ ಸೈನಿಕರು 1941ರಲ್ಲಿ ಊರಿಗೆ ಮರಳಿದರು. ಪೋಲಿಷರಿಗೆ ಮರಳಲು ದೇಶವೇ ಉಳಿದಿರಲಿಲ್ಲ. ಹೆಚ್ಚಿನವರು 1945ರ ತನಕ ಅಲ್ಲೇ ಇದ್ದರು.

ಇವರನ್ನು ‘ಯುದ್ಧಕೈದಿ’ ಅನ್ನಬಹುದೇ? ಖಂಡಿತ ತಪ್ಪಾಗುತ್ತದೆ. 1907ರ ಹೇಗ್ ಒಪ್ಪಂದವೇ ಇಬ್ಬರನ್ನೂ ಬೇರೆಬೇರೆ ಇಟ್ಟಿದೆ. ಹೋರಾಡುವ ಪಡೆ ತಟಸ್ಥ ದೇಶದೊಳಗೆ ಬಂದರೆ ಆ ದೇಶ ಅದನ್ನು ತಡೆದಿಟ್ಟುಕೊಳ್ಳಬೇಕು, ಆದಷ್ಟು ರಣರಂಗದಿಂದ ದೂರ. ಊಟ, ಬಟ್ಟೆ ಕೊಡಬೇಕು. ಖರ್ಚನ್ನು ಶಾಂತಿಯಾದ ಮೇಲೆ ವಸೂಲಿ ಮಾಡಬಹುದು. ಆದರೆ ಶತ್ರುವಿನ ಶಿಬಿರದಿಂದ ತಪ್ಪಿಸಿಕೊಂಡ ಯುದ್ಧಕೈದಿ ಬಂದರೆ ಅವನನ್ನು ಸ್ವತಂತ್ರವಾಗಿ ಬಿಡಬೇಕು. ಇಬ್ಬರಿಗೂ ‘ಕೈದಿ’ ಅಂತಲೇ ಬರೆದರೆ ಈ ನಿಯಮವನ್ನು ಕನ್ನಡದಲ್ಲಿ ಹೇಳುವುದು ಹೇಗೆ?

‘ನಿರಾಶ್ರಿತ’ವೂ ಒಗ್ಗುವುದಿಲ್ಲ. ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲಿದ್ದ ಪೋಲಿಷ್ ಹೆಂಗಸರು, ಮಕ್ಕಳು ನಿರಾಶ್ರಿತರು, ಸರಿ. ಜಾಲಹಳ್ಳಿಯಲ್ಲಿದ್ದ ಇಟಲಿಯ ಸೈನಿಕರು ಯುದ್ಧಕೈದಿಗಳು, ಅದೂ ಸರಿ. ಸ್ವಿಟ್ಜರ್ಲೆಂಡಿನವರು ಈ ಎರಡರಲ್ಲಿ ಯಾವುದೂ ಅಲ್ಲ. ಬ್ಯೂರೆನ್ ಊರಿನ ಶಿಬಿರದಲ್ಲಿ ಅವರ ಸುತ್ತ ಮುಳ್ಳುತಂತಿ ಇತ್ತು. ಅದೇ ಹೊತ್ತಿಗೆ ಫ್ರೀಬೂರ್, ವಿಂಟರ್‌ಥೂರ್ ಕಡೆ ಅವರಿಗಾಗಿಯೇ ವಿಶ್ವವಿದ್ಯಾಲಯ ಶಿಬಿರಗಳು ನಡೆದವು, ಓದಿ ಪದವಿ ಪಡೆದವರೂ ಇದ್ದಾರೆ. ಉಳಿದವರು ಬೆಟ್ಟಗಳಲ್ಲಿ ರಸ್ತೆ ಕಡಿದರು, ಸೇತುವೆ ಕಟ್ಟಿದರು, ಹೊಲಗಳಲ್ಲಿ ದುಡಿದರು. ಅವರು ಮಾಡಿದ ಹಲವು ದಾರಿಗಳಿಗೆ ಇವತ್ತಿಗೂ ‘ಪೋಲೆನ್‌ವೆಗ್’, ಅಂದರೆ ಪೋಲಿಷರ ದಾರಿ, ಅಂತಲೇ ಹೆಸರು. ಆದರೆ 1941ರ ಒಂದು ಸೇನಾ ಆದೇಶದ ಪ್ರಕಾರ ಇವರು ಸ್ವಿಸ್ ಹೆಣ್ಣುಮಕ್ಕಳನ್ನು ಮದುವೆಯಾಗುವಂತಿರಲಿಲ್ಲ. ಆಸರೆ ಮತ್ತು ಕಟ್ಟು ಎರಡನ್ನೂ ಹೊರುವ ಪದ ಬೇಕು ಅನ್ನುವುದು ಇದಕ್ಕೇ.

ಇಂಗ್ಲಿಷಿನಲ್ಲಿ ಹೀಗೆ ತಡೆದಿಟ್ಟುಕೊಳ್ಳುವುದಕ್ಕಿರುವ ‘ಇಂಟರ್ನ್’ ಪದವನ್ನೇ ಉಳಿಸಿಕೊಳ್ಳೋಣ ಅಂದರೆ, ಈಗ ಆ ಪದ ಕೇಳಿದ ಕೂಡಲೇ ಆಫೀಸಿಗೆ ತರಬೇತಿಗೆ ಬಂದ ಹುಡುಗರೇ ನೆನಪಾಗುತ್ತಾರೆ, ಅಲ್ವಾ?

ನನಗೆ ತೋಚಿದ್ದು ‘ತಡೆಯಾಳು’. ಸೆರೆಯಾಳು, ಒತ್ತೆಯಾಳು ಈಗಾಗಲೇ ಬಳಕೆಯಲ್ಲಿವೆ, ಹಾಗಾಗಿ ಓದುಗರು ಎಡವುವುದಿಲ್ಲ. ಕ್ರಿಯಾಪದಕ್ಕೆ ‘ತಡೆದಿರಿಸು’. ಒಂದು ವಾಕ್ಯದಲ್ಲಿಟ್ಟು ನೋಡಿ: “1939ರ ಸೆಪ್ಟೆಂಬರ್‌ನಲ್ಲಿ ಎಸ್ಟೋನಿಯಾ ಪೋಲೆಂಡಿನ ‘ಓಝೆವ್’ ಜಲಾಂತರ್ಗಾಮಿಯನ್ನು ತಾಲಿನ್ ಬಂದರಿನಲ್ಲಿ ತಡೆದಿರಿಸಿತು. ಅಧಿಕಾರಿಗಳು ನಕ್ಷೆಗಳನ್ನು ಕಿತ್ತುಕೊಂಡಿದ್ದರು. ತಡೆಯಾಳುಗಳು ಕಾವಲಿನ ಇಬ್ಬರನ್ನು ಹಿಡಿದುಹಾಕಿ, ರಾತ್ರೋರಾತ್ರಿ ಹಡಗನ್ನು ಹೊರಡಿಸಿಕೊಂಡು ಹೋದರು.” ನನ್ನ ಕಿವಿಗೆ ಚೆನ್ನಾಗಿಯೇ ಕೇಳುತ್ತಿದೆ. ನಿಮ್ಮ ಕಿವಿಗೆ? ‘ತಡೆ’ ಅಂದರೆ ಅಡ್ಡಿ ಅನ್ನುವ ಅರ್ಥವೇ ಜಾಸ್ತಿ ಎದ್ದು ಕಾಣುತ್ತದೆಯೇ?

ಇನ್ನೊಂದು ಪ್ರಶ್ನೆ. ಪೋಲಿಷ್‌ನಲ್ಲಿ ಇವರನ್ನು ‘ಇಂಟೆರ್ನೊವಾನಿ’ ಅನ್ನುತ್ತಾರೆ. 1981ರ ಡಿಸೆಂಬರ್‌ನಲ್ಲಿ ಪೋಲೆಂಡ್ ಸರ್ಕಾರ ಸೇನಾಡಳಿತ ಹೇರಿ, ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ನಾಯಕ ಲೆಖ್ ವಾವೆನ್ಸಾ ಮತ್ತು ಅದರ ಸಾವಿರಾರು ಕಾರ್ಯಕರ್ತರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದಾಗಲೂ ಬಳಕೆಯಾದದ್ದು ಇದೇ ಪದ. ಅಲ್ಲಿ ಆಸರೆಯ ಮಾತೇ ಇಲ್ಲ, ಬರೀ ಬಂಧನ. ನಾನಾದರೆ ಅದಕ್ಕೆ ‘ತಡೆಯಾಳು’ ಬಳಸುವುದಿಲ್ಲ. ಕಾನೂನಿನ ಅನುವಾದ ಮಾಡುವವರು ಇಂಥ ಕಡೆ ಏನು ಬರೆಯುತ್ತೀರಿ, ತಿಳಿಸಿ.