ಅಪ್ಪನ ಅಯೋರ್ಟಾಗೆ ಸ್ಟೆಂಟ್ ಗ್ರಾಫ್ಟ್: ಬೆನ್ನಿಗೆ ಟ್ಯೂಬ್ ಯಾಕೆ?

ಕಿರಿಮಗಳು:
ಅಪ್ಪನಿಗೆ 71. ಕೆಮ್ಮು ಅಂತ ಸಿಟಿ ಸ್ಕ್ಯಾನ್ ಮಾಡಿಸಿದಾಗ ಅಯೋರ್ಟಾ, ಅಂದರೆ ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ, ಎದೆಯೊಳಗೆ ಕೆಳಗಿಳಿಯುವ ಭಾಗದಲ್ಲಿ 6.1 ಸೆಂ.ಮೀ. ಅಗಲಕ್ಕೆ ಉಬ್ಬಿದೆ ಅಂತ ಗೊತ್ತಾಯಿತು. ನೋವು ಗೀವು ಏನೂ ಇಲ್ಲ. ಎದೆ ತೆರೆಯದೆ ತೊಡೆಸಂದಿನ ರಕ್ತನಾಳದಿಂದ ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆ, ಹಾಕುತ್ತಾರಂತೆ. ಅಣ್ಣ ಮಾತ್ರ ದೊಡ್ಡ ಆಪರೇಷನ್ನೇ ಆಗಿಬಿಡಲಿ, ಒಂದೇ ಸಲಕ್ಕೆ ಮುಗಿಯುತ್ತೆ ಅಂತಾನೆ. ನನಗೆ ಭಯ ಬೇರೆಯದು. ಮೊದಲು ಬೆನ್ನಿಗೆ ಸಣ್ಣ ಟ್ಯೂಬ್ ಹಾಕಬೇಕಾಗಬಹುದು, ಕಾಲಿನ ಶಕ್ತಿ ಹೋಗುವ ಅಪಾಯವಿದೆ ಅಂದರು. ಎದೆಯ ರಕ್ತನಾಳಕ್ಕೂ ಕಾಲಿಗೂ ಏನು ಸಂಬಂಧ?

ಐಸಿಯು ನರ್ಸ್:
ಸಂಬಂಧ ಇದೆ ಮೇಡಂ. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ಸಣ್ಣ ಕವಲುಗಳು ಅದೇ ಅಯೋರ್ಟಾದಿಂದ ಹೊರಡುತ್ತವೆ. ಗ್ರಾಫ್ಟ್ ಒಳಗೆ ಬಿಚ್ಚಿಕೊಂಡಾಗ ಅವುಗಳ ಬಾಯಿ ಮುಚ್ಚುತ್ತೆ, ಗ್ರಾಫ್ಟ್ ಉದ್ದ ಆದಷ್ಟೂ ಜಾಸ್ತಿ ಕವಲು ಹೋಗುತ್ತವೆ. ಆ ಟ್ಯೂಬಿನಿಂದ ಬೆನ್ನುಹುರಿಯ ಸುತ್ತಲಿನ ದ್ರವ ಸ್ವಲ್ಪ ಸ್ವಲ್ಪ ತೆಗೆದು ಒತ್ತಡ ಇಳಿಸುತ್ತೇವೆ, ಆಗ ಉಳಿದ ರಕ್ತ ಸುಲಭವಾಗಿ ಒಳಹೋಗುತ್ತೆ. ಎಲ್ಲರಿಗೂ ಹಾಕಲ್ಲ. ಆಪರೇಷನ್‌ಗೆ ಮೊದಲು ಬಿಪಿ ಇಳಿಸಿ ಅಂತಿದ್ದವರು ಆಮೇಲೆ ಅದನ್ನೇ ಬೇಕಂತ ಮೇಲಿಡುತ್ತಾರೆ, ಕಾರಣ ಇದೇ, ಗಾಬರಿ ಬೇಡ. ಎಚ್ಚರ ಆದ ತಕ್ಷಣ ಕಾಲು ಆಡಿಸಿ ಅಂತ ಪದೇ ಪದೇ ಕೇಳುತ್ತೇವೆ. ಬಲ ಕಮ್ಮಿ ಆಗೋದು ಒಂದೆರಡು ದಿನ ಬಿಟ್ಟೂ ಶುರುವಾಗಬಹುದು, ಬೇಗ ಗೊತ್ತಾದರೆ ಎಷ್ಟೋ ಸಲ ವಾಪಸ್ ತರಬಹುದು.

ಓದುಗ:
ಅಣ್ಣನ ಮಾತು ಪೂರ್ತಿ ತಪ್ಪಲ್ಲ. ಮಾರ್ಫನ್ (ರಕ್ತನಾಳದ ಗೋಡೆ ದುರ್ಬಲವಾಗುವ ಹುಟ್ಟುಕಾಯಿಲೆ) ಇರುವವರಿಗೆ, ಹೃದಯದಿಂದ ಮೇಲೇರುವ ಭಾಗ ಉಬ್ಬಿದವರಿಗೆ ಸಾಮಾನ್ಯವಾಗಿ ಈಗಲೂ ತೆರೆದ ಆಪರೇಷನ್ನೇ. ಆದರೆ ಕೆಳಗಿಳಿಯುವ ಭಾಗಕ್ಕೆ ಎಡಪಕ್ಕೆ ಸೀಳಿ ಅಯೋರ್ಟಾಗೆ ಕ್ಲಾಂಪ್ ಹಾಕಿ ರಕ್ತ ತಡೆಯಬೇಕು, 71ಕ್ಕೆ ಅದು ಸಣ್ಣ ಹೊಡೆತ ಅಲ್ಲ, ಮತ್ತೆ ಕಾಲಿನ ಅಪಾಯ ಅದರಲ್ಲೂ ಇದ್ದೇ ಇದೆ. 5.5 ಸೆಂ.ಮೀ. ದಾಟಿ, ರಕ್ತನಾಳದ ಆಕಾರ ಹೊಂದಿದರೆ ಸ್ಟೆಂಟ್ ಗ್ರಾಫ್ಟನ್ನೇ ಮೊದಲು ನೋಡುತ್ತಾರೆ. ಇದೇನು ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ, 1987ರಲ್ಲೇ ಉಕ್ರೇನಿನ ಖಾರ್ಕಿವ್‌ನಲ್ಲಿ ಸರ್ಜನ್ ವೊಲೊಡೋಸ್ ಮಾಡಿದ್ದರು. ಬೆಲೆ ಏನಂದರೆ ಜೀವನಪೂರ್ತಿ ಸ್ಕ್ಯಾನ್. ಗ್ರಾಫ್ಟ್ ಹೊರಗೆ ಉಬ್ಬಿನೊಳಗೆ ರಕ್ತ ಸೋರುತ್ತಿದ್ದರೆ, ಅದಕ್ಕೆ ಎಂಡೋಲೀಕ್ ಅಂತಾರೆ, ಹೊರಗಿಂದ ಏನೂ ಗೊತ್ತಾಗಲ್ಲ.

ಹಳೆ ಟೆಕ್ನಿಷಿಯನ್:
ಒಂದೇ ಪ್ರಶ್ನೆ. ಅಪ್ಪನಿಗೆ ಮೊದಲು ಹೃದಯದ ಬೈಪಾಸ್ ಆಗಿದೆಯಾ?

ಕಿರಿಮಗಳು:
ಹೌದು, 2012ರಲ್ಲಿ, ಬೇರೆ ಆಸ್ಪತ್ರೆಯಲ್ಲಿ. ಯಾಕೆ ಸರ್?

ಹಳೆ ಟೆಕ್ನಿಷಿಯನ್:
ಹಾಗಾದ್ರೆ ಆ ಡಿಸ್ಚಾರ್ಜ್ ಸಮ್ಮರಿ ಹುಡುಕಿ, ಇವತ್ತೇ. ಗ್ರಾಫ್ಟ್ ಕಚ್ಚಿಕೊಳ್ಳಲು ಉಬ್ಬಿನ ಮೇಲೂ ಕೆಳಗೂ ಸುಮಾರು 2 ಸೆಂ.ಮೀ. ಒಳ್ಳೆ ಗೋಡೆ ಬೇಕು. ಮೇಲೆ ಅಷ್ಟು ಜಾಗ ಇಲ್ಲದಿದ್ದರೆ ಎಡಗೈಗೆ ಹೋಗುವ ರಕ್ತನಾಳದ ಬಾಯಿ ಮೇಲೇ ಗ್ರಾಫ್ಟ್ ಕೂರಿಸಬೇಕಾಗುತ್ತೆ. ಹೃದಯದ ಬೈಪಾಸ್‌ಗೆ ಜಾಸ್ತಿ ಬಳಸುವ ಲೀಮಾ (LIMA, ಎದೆಗೋಡೆಯ ಒಳಗಿನ ಎಡ ರಕ್ತನಾಳ) ಹೊರಡೋದು ಆ ಎಡಗೈಯ ರಕ್ತನಾಳದಿಂದಲೇ. ಅದನ್ನು ಸುಮ್ನೆ ಮುಚ್ಚಿದರೆ ಹೃದಯಕ್ಕೇ ರಕ್ತ ತಪ್ಪುತ್ತೆ! ಅಂಥ ಕೇಸಲ್ಲಿ ಮೊದಲು ಕುತ್ತಿಗೆಯ ರಕ್ತನಾಳದಿಂದ ಎಡಗೈಯದಕ್ಕೆ ಬೈಪಾಸ್ ಮಾಡಿಕೊಂಡು ಆಮೇಲೆ ಗ್ರಾಫ್ಟ್ ಹಾಕುತ್ತಾರೆ. ಬೆನ್ನುಹುರಿಗೂ ಆ ದಾರಿಯಿಂದ ರಕ್ತ ಹೋಗುತ್ತೆ.

ಕಿರಿಮಗಳು:
ಸಮ್ಮರಿ ಸಿಕ್ಕಿತು. ಲೀಮಾ ಅಂತ ಬರೆದಿದ್ದಾರೆ. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ, ನಾಳೆ ಸ್ಕ್ಯಾನ್ ಇಟ್ಟುಕೊಂಡು ಮಾತಾಡೋಣ ಅಂದಿದ್ದಾರೆ.

ಐಸಿಯು ನರ್ಸ್:
ಕಿಡ್ನಿ ರಿಪೋರ್ಟ್ ಕೂಡ ಒಯ್ಯಿರಿ, ರಕ್ತನಾಳ ಚೆನ್ನಾಗಿ ಕಾಣಲಿ ಅಂತ ಹಾಕುವ ಕಾಂಟ್ರಾಸ್ಟ್ ದ್ರವ ಜಾಸ್ತಿ ಹೋಗುತ್ತೆ, ಅದು ಕಿಡ್ನಿಗೆ ಹೊರೆ. ಕೆಮ್ಮಿಗೆ ಲಿವೋಫ್ಲಾಕ್ಸಸಿನ್ ಥರದ್ದು ಏನಾದರೂ ಕೊಟ್ಟಿದ್ದರೆ ಅದನ್ನೂ ಹೇಳಿ. ಅಯೋರ್ಟಾ ಉಬ್ಬಿದವರಿಗೆ ಆ ಗುಂಪಿನ ಆಂಟಿಬಯೋಟಿಕ್ ಆದಷ್ಟು ತಪ್ಪಿಸುತ್ತಾರೆ.